ಹಕ್ಕಿಯ ಕಾಲಿನ ನಂಬರು

ಕಡಲಕಾಗೆಯ ನಂಬರು ತಪ್ಪಿದ್ದು ಮಾಸ್ತರರಿಂದಲ್ಲ, ನನ್ನಿಂದ.

ಹಿತ್ತಾಳೆಯ ದುರ್ಬೀನು ಒತ್ತಿ ಒತ್ತಿ ಅವರ ಬಲಗಣ್ಣಿನ ಸುತ್ತ ದುಂಡಗೆ ಕಪ್ಪು ಗುರುತು ಬಿದ್ದಿತ್ತು. ಶಾಲೆಯಿಂದ ನಿವೃತ್ತರಾದ ಕ್ರಿಸ್ತಾನರು, ನಮ್ಮ ಬಾಯಲ್ಲಿ ಪೊರ್ಬುಗಳು. ಚಳಿಗಾಲದಲ್ಲಿ ದಿನಾ ಬಂದರಿನಿಂದ ದೋಣಿ ದಾಟಿ, ನಾವು ಮೀನು ಒಣಗಿಸುವ ಮರಳದಿಣ್ಣೆ ಬೆಂಗರೆಗೆ ಬರುತ್ತಿದ್ದರು. ಮೀನಿಗಲ್ಲ, ಕಡಲಕಾಗೆಗಳ ಕಾಲು ನೋಡಲಿಕ್ಕೆ. ದೂರದೇಶದಲ್ಲಿ ಯಾರೋ ಹಕ್ಕಿ ಹಿಡಿದು, ಕಾಲಿಗೆ ನಂಬರಿನ ಬಳೆ ಹಾಕಿ ಬಿಡುತ್ತಾರಂತೆ.

"ಒಂದು ನಂಬರು ಪೂರ್ತಿ ಸಿಕ್ಕಿದ್ರೆ ಸಾಕು. ಸಾಯುವ ಮೊದಲು ಅದರ ಊರು ಯಾವುದೂಂತ ತಿಳ್ಕೊಳ್ತೇನೆ."

"ತಿಳಿದು ಎಂತ ಮಾಡ್ಲಿಕ್ಕುಂಟು ಮಾಸ್ಟ್ರೇ? ಹೆಣ್ಣು ಕೊಡ್ಲಿಕ್ಕುಂಟಾ?"

ನಾನು ಹೀಗೆ ಕೆಣಕಿದರೆ ನಗುತ್ತಿದ್ದರು, ಪಾಪ.

ಅವರ ಕಣ್ಣಿಗೆ ಪೊರೆ ಬಂದ ವರ್ಷ, ಬಳೆಯ ಹಕ್ಕಿಯೊಂದು ನಮ್ಮ ಬಲೆ ಕಂಬದ ಮೇಲೆಯೇ ಬಂದು ಕೂತಿತು. ದುರ್ಬೀನು ನನ್ನ ಕೈಗೆ ಕೊಟ್ಟರು. ನನ್ನದು ಎರಡನೇ ಕ್ಲಾಸು, ಇಂಗ್ಲಿಷ್ ಅಂಕಿ ಗೊತ್ತಿಲ್ಲ. "ಕಂಡ ಹಾಗೆ ಮರಳಲ್ಲಿ ಬರಿ ಮಾರಾಯ್ತಿ" ಎಂದರು. 6018 ಎಂದು ಗೀಚಿದೆ. ನನ್ನೆದುರು ನಿಂತಿದ್ದ ಮಾಸ್ತರರು ಬಗ್ಗಿ ನೋಡಿ ಚೀಟಿಗೆ ಇಳಿಸಿಕೊಂಡರು.

ಮಾಸ್ತರರು ಬರೆದ ಕಾಗದಕ್ಕೆ, ಹಕ್ಕಿಗಳ ವಿಷಯ ತಿಳಿದ ಬೊಂಬಾಯಿಯವರಿಂದ ಉತ್ತರ ಬಂತು: 8109 ಕಡಲಕಾಗೆಯದ್ದಲ್ಲ, ಬಾತುಕೋಳಿಗೆ ಹಾಕಿದ ಬಳೆ. ದೋಣಿಯಲ್ಲೆಲ್ಲ ನಗೆ. "ಮಾಸ್ಟ್ರೇ, ಇವತ್ತು ಬಾತು ಮೊಟ್ಟೆ ಇಟ್ಟಿತಾ?" ನಂಬರು ನೋಡಿದ್ದು ನಾನೆಂದು ಅವರು ಒಬ್ಬರಲ್ಲೂ ಹೇಳಲಿಲ್ಲ. "ನನ್ನ ಕಣ್ಣು ಹೋಯ್ತು. ಸಾಕಾಯ್ತು" ಎಂದು ಬರುವುದನ್ನೇ ಬಿಟ್ಟರು.

ಯುದ್ಧದ ಕಾಲಕ್ಕೆ ರೇಷನ್ ಬಂತು. ಕಾರ್ಡನ್ನು ಅಂಗಡಿಯವನೆದುರು ಹಿಡಿದು ನಿಂತಿದ್ದೆ.

"ನನ್ನ ಕಡೆ ತಿರುಗಿಸಿ ಹಿಡೀರಿ ಅಕ್ಕ. ನಿಮ್ಮ ಆರು ನನಗೆ ಒಂಬತ್ತು ಕಾಣ್ತದೆ."

ನಿಂತಲ್ಲೇ ಗೊತ್ತಾಯಿತು. ಅಂದು ಮಾಸ್ತರರು ನಿಂತದ್ದೂ ನನ್ನೆದುರೇ.

ಹೋಗಿ ಹೇಳಬೇಕಿತ್ತು. ನಾಳೆ, ನಾಡಿದ್ದು ಎಂದು ಒಂದು ತಿಂಗಳು ದೂಡಿದೆ. ಮೀನು, ಮಕ್ಕಳು, ಸುಸ್ತು, ನೆಪಕ್ಕೇನು ಕಡಿಮೆ? ಒಂದು ಸಂಜೆ ಅವರನ್ನು ಮಣ್ಣು ಮಾಡಿದ ಸುದ್ದಿ ದೋಣಿಯಲ್ಲಿ ಬಂತು.

ಮರುದಿನ ಬೆಳಿಗ್ಗೆ ಮೀನು ಹರಡಲಿಲ್ಲ. ಅವರ ಮಗಳಿಂದ ಬೊಂಬಾಯಿಯ ಆ ಕಾಗದ ಕೇಳಿ ತೆಗೆದುಕೊಂಡು, ಅಂಚೆ ಕಚೇರಿಯ ಜಗಲಿಯಲ್ಲಿ ಕಾಗದ ಬರೆದುಕೊಡುವವನಲ್ಲಿಗೆ ಹೋದೆ. ಬೊಂಬಾಯಿಗೆ ಮಾಸ್ತರರ ಹೆಸರಲ್ಲೇ ಬರೆಸಿದೆ. ನಂಬರು ಮಾತ್ರ, ಆ ಕಾಗದದಲ್ಲಿದ್ದುದನ್ನು ತಲೆಕೆಳಗೆ ಹಿಡಿದು ನೋಡಿ, ನಾನೇ ಬರೆದೆ, ಎದುರು ಕೂತಲ್ಲ, ಅವನ ಪಕ್ಕಕ್ಕೆ ಹೋಗಿ ಕೂತು.