ಅಪ್ಪನ ಸ್ಕೇಲು, ನನ್ನ ಮೊದಲ ಕಾರು

ನಾನು ವಿನ್ಯಾಸ ಮಾಡಿದ ರೇಸ್ ಕಾರುಗಳು ಗೆದ್ದ ಟ್ರೋಫಿಗಳನ್ನು ಇಡಲು ಹೊಸಮನೆಯ ನಮ್ಮ ಮನೆಯಲ್ಲಿ ಜಾಗ ಸಾಲುತ್ತಿಲ್ಲ. ಎರಡು ಆಗಲೇ ಅಡುಗೆಮನೆಯ ಅಟ್ಟ ಸೇರಿವೆ. ಜಂಬ ಅನ್ನಿ, ಪರವಾಗಿಲ್ಲ; ಜಂಬಪಡುವಷ್ಟು ಕೆಲಸ ಮಾಡಿದ್ದೇನೆ. ಆದರೆ ಮೊದಲ ಟ್ರೋಫಿ ಬಂದದ್ದು ನನ್ನ ತಪ್ಪಿನಿಂದ.

ಅಪ್ಪ ಭದ್ರಾವತಿಯಲ್ಲಿ ಕಬ್ಬಿಣದ ಎರಕಕ್ಕೆ ಮರದ ಅಚ್ಚು ಮಾಡುತ್ತಿದ್ದವರು. ನಾನು ಇಂಜಿನಿಯರಿಂಗ್ ಮುಗಿಸಿದಾಗ ತಮ್ಮ ಸ್ಟೀಲ್ ಸ್ಕೇಲನ್ನು ನನ್ನ ಕೈಗಿಟ್ಟು, “ಜೋಪಾನವಾಗಿ ಇಟ್ಕೋ” ಎಂದರು. ಅಂಚಿನ ಅಕ್ಷರಗಳು ಸವೆದಿದ್ದವು, ಗೆರೆಗಳು ಮಾತ್ರ ಸ್ಪಷ್ಟವಾಗಿದ್ದವು. ರಾಗಿಗುಡ್ಡದ ಹತ್ತಿರ, ಟ್ರಾಕ್ಟರ್ ರಿಪೇರಿಯ ಜೊತೆಗೆ ರೇಸ್ ಕಾರನ್ನೂ ಕಟ್ಟುವ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಸ್ಕೇಲನ್ನು ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ.

ಪೂರ್ತಿ ನನ್ನದೇ ವಿನ್ಯಾಸದ ಮೊದಲ ಕಾರನ್ನು ಆಯನೂರಿನ ಕಡೆ, ಇನ್ನೂ ಮನೆಗಳು ಏಳದ ಒಂದು ಲೇಔಟಿನ ರಸ್ತೆಯಲ್ಲಿ ಓಡಿಸಿ ನೋಡಿದೆವು. ನೆಟ್ಟಗೆ ಹೋಗಲೊಲ್ಲದು.

“ಮೊಂಡು ಎಮ್ಮೆ ಥರ ಬಲಕ್ಕೇ ಎಳೆಯುತ್ತೆ ಮಾರಾಯ್ತಿ,” ಎಂದ ಡ್ರೈವರ್. “ಆದ್ರೆ ಬಲಗಡೆ ತಿರುವಲ್ಲಿ ಮಾತ್ರ ನೆಲ ಕಚ್ಕೊಂಡು ಹೋಗುತ್ತೆ ನೋಡು.”

ಎರಡನೆಯ ಮಾತು ನನ್ನ ತಲೆಗೆ ಹೋಗಲೇ ಇಲ್ಲ.

ವರ್ಕ್‌ಶಾಪಿನ ಯಜಮಾನರು ಗಡುವು ಕೊಟ್ಟರು: “ಶನಿವಾರದೊಳಗೆ ನೆಟ್ಟಗೆ ಓಡ್ಬೇಕಮ್ಮ. ಇಲ್ದಿದ್ರೆ ರೇಸಿಗೆ ಹಳೇ ಕಾರೇ ಹೋಗುತ್ತೆ. ನೀನು ಟ್ರಾಕ್ಟರ್ ರಿಪೇರಿ ನೋಡ್ಕೋ.”

ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಆರ್ಮುಗಳಲ್ಲಿ ಎಡಗಡೆಯದನ್ನು ನಾನೇ ಅಳೆದು ಕತ್ತರಿಸಿದ್ದೆ, ಬಲಗಡೆಯದನ್ನು ವೆಲ್ಡರ್ ಅಣ್ಣ. ನನ್ನದನ್ನು ನಾನು ನನ್ನ ಸ್ಕೇಲಿನಲ್ಲಿ ಮತ್ತೆ ಅಳೆದೆ, ತಮ್ಮದನ್ನು ಅವರು ತಮ್ಮ ಟೇಪಿನಲ್ಲಿ. ಎರಡೂ ಸರಿಯಾಗಿದ್ದವು! ಅವರು, “ನಿಮ್ದಕ್ಕೂ ಒಂದ್ಸಲ ನನ್ ಟೇಪ್ ಹಿಡೀತೀನಿ ಮೇಡಂ” ಎಂದಾಗ ಸಿಡುಕಿಬಿಟ್ಟೆ. “ನಮ್ಮಪ್ಪನ ಸ್ಕೇಲ್ ಸುಳ್ಳು ಹೇಳಲ್ಲ.”

ಗುರುವಾರ ಸಂಜೆ ಭದ್ರಾವತಿಗೆ ಹೋಗಿ ಅಪ್ಪನ ಮುಂದೆ ಅತ್ತೆ. ಅವರು ಕಾಫಿ ಲೋಟ ಕೆಳಗಿಟ್ಟು, “ಯಾವುದ್ರಲ್ಲಿ ಅಳೆದೆ?” ಎಂದರು. ಬ್ಯಾಗಿನಿಂದ ಸ್ಕೇಲು ತೆಗೆದು ತೋರಿಸಿದೆ. ಹಣೆ ಚಚ್ಚಿಕೊಂಡರು.

“ಅಯ್ಯೋ ಮಾರಾಯ್ತಿ, ಇದು ಅಚ್ಚಿನ ಸ್ಕೇಲು! ಕರಗಿದ ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ. ಅದಕ್ಕೇ ಅಚ್ಚು ಸ್ವಲ್ಪ ದೊಡ್ಡದಾಗ್ಲಿ ಅಂತ ಗೆರೆಗಳನ್ನೇ ದೂರ ದೂರ ಹಾಕಿರ್ತಾರೆ. ಇಷ್ಟು ಓದಿದೀಯ, ಇದು ಗೊತ್ತಿಲ್ವಾ?”

“ನೀವು ಹೇಳ್ಲೇ ಇಲ್ವಲ್ಲಪ್ಪ!”

“ಇದನ್ನೂ ಹೇಳ್ಬೇಕಾ?”

ಎಡಗಡೆಯ ಆರ್ಮು ಮೂರು ಮಿಲಿಮೀಟರ್ ಹೆಚ್ಚು ಉದ್ದವಾಗಿತ್ತು. ಅದರಿಂದ ಚಕ್ರದ ಬುಡ ಹೊರಕ್ಕೆ ಹೋಗಿ, ಮೇಲ್ಭಾಗ ಒಳಕ್ಕೆ, ಅಂದರೆ ಬಲಕ್ಕೆ, ವಾಲಿತ್ತು; ಕಾರು ಬಲಕ್ಕೆ ಎಳೆದದ್ದು ಅದಕ್ಕೇ. ನಾಚಿಕೆಯಿಂದ ಕುಸಿದು ಬಸ್ಸಿನಲ್ಲಿ ಕೂತವಳಿಗೆ ನಮ್ಮ ಕಾರಿನ ಡ್ರೈವರನ ಎರಡನೆಯ ಮಾತು ನೆನಪಾಯಿತು. ಬಲ ತಿರುವಿನಲ್ಲಿ ಭಾರವೆಲ್ಲ ಬೀಳುವುದು ಎಡ ಚಕ್ರದ ಮೇಲೆ. ಆ ವಾಲಿದ ಚಕ್ರವೇ ನೆಲ ಕಚ್ಚಿತ್ತು! ಸೀಟಿನಿಂದ ಎದ್ದೇ ನಿಂತೆ. ಕಂಡಕ್ಟರ್ ಸ್ಟಾಪು ಇನ್ನೂ ದೂರವಿದೆ ಎಂದ.

ಬೆಳಿಗ್ಗೆ ಯಜಮಾನರ ಮುಂದೆ ತಪ್ಪೊಪ್ಪಿಕೊಂಡೆ.

“ಹಾಗಾದ್ರೆ ಎಡಗಡೇದನ್ನ ಗಿಡ್ಡ ಮಾಡು.”

“ಇಲ್ಲ ಸಾರ್. ಬಲಗಡೇದನ್ನೂ ಉದ್ದ ಮಾಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನಾನೇ ಟ್ರಾಕ್ಟರ್ ಕೆಳಗೆ ಮಲಗ್ತೀನಿ.”

ವೆಲ್ಡರ್ ಅಣ್ಣನ ಕ್ಷಮೆ ಕೇಳಿ, ಬಲಗಡೆಯ ಹೊಸ ಆರ್ಮನ್ನು ಅದರಲ್ಲೇ ಅಳೆದು ಕತ್ತರಿಸಲಿ ಎಂದು ಸ್ಕೇಲನ್ನು ಅವರ ಕೈಗೇ ಕೊಟ್ಟೆ. ಶನಿವಾರ ಕಾರು ದಾರ ಹಿಡಿದ ಹಾಗೆ ನೆಟ್ಟಗೆ ಓಡಿತು. ಎರಡೂ ಕಡೆಯ ತಿರುವುಗಳಲ್ಲಿ ನೆಲ ಬಿಡಲಿಲ್ಲ. ಮುಂದಿನ ವಾರದ ರೇಸಿನಲ್ಲಿ ತಿರುವು ತಿರುವಿಗೂ ಒಂದೊಂದು ಕಾರನ್ನು ಹಿಂದೆ ಹಾಕುತ್ತಾ ಮೊದಲು ಬಂತು. ಗಂಟಲು ಕಟ್ಟುವವರೆಗೆ ಕೂಗಿದೆ, ವೆಲ್ಡರ್ ಅಣ್ಣನ ಜೊತೆ ಕುಣಿದೆ. ಅಂಥ ಸಂತೋಷ ಮತ್ತೆ ಯಾವ ಗೆಲುವಿನಲ್ಲೂ ಸಿಗಲಿಲ್ಲ. ಬೇರೆ ತಂಡದ ಇಂಜಿನಿಯರೊಬ್ಬರು ಬಂದು, ಚಕ್ರ ಇಷ್ಟೇ ವಾಲಬೇಕೆಂದು ಹೇಗೆ ಲೆಕ್ಕ ಹಾಕಿದಿರಿ ಎಂದು ವಿನಯದಿಂದ ಕೇಳಿದರು. ಮನೆತನದ ವಿದ್ಯೆ ಎಂದೆ.

ರೇಸನ್ನು ಮೊಬೈಲಿನಲ್ಲಿ ನೋಡಿದ್ದ ಅಪ್ಪ ಫೋನ್ ಮಾಡಿದರು. “ಆ ಸ್ಕೇಲ್ ವಾಪಸ್ ಕೊಡು. ಅಕ್ಕಪಕ್ಕದವರಿಗೆಲ್ಲ ತೋರಿಸ್ಬೇಕು.”

ಕೊಡಲಿಲ್ಲ. ಕಂಪ್ಯೂಟರ್ ಏನೇ ಹೇಳಲಿ, ಇವತ್ತಿಗೂ ಪ್ರತಿ ಹೊಸ ಕಾರಿನ ಆರ್ಮನ್ನು ನಾನು ಮೊದಲು ಅಳೆಯುವುದು ಅದೇ ಸ್ಕೇಲಿನಲ್ಲಿ. ಈಗ ಎರಡೂ ಕಡೆ.