ಘಟ್ಟಕ್ಕೆ ಬಿತ್ತಿದ ರೈ ಕಾಳು

ಮೈಸೂರಿನವಳಾದ ನನಗೆ ನವರಾತ್ರಿ ಎಂದರೆ ಗೊಂಬೆ. ಧಾರವಾಡದ ನನ್ನ ಅತ್ತೆಯವರಿಗೆ ಘಟ್ಟ. ದೇವರ ಮುಂದೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ಕಲಶ ಇಡಬೇಕು. ದಸರೆಯ ದಿನ ಆ ಸಸಿಯನ್ನು ಹೆಂಗಸರು ಮುಡಿಯಬೇಕು, ಗಂಡಸರು ಟೋಪಿಗೆ ಸಿಕ್ಕಿಸಿಕೊಳ್ಳಬೇಕು. ಎರಡು ಸಾವಿರದ ದಶಕದ ನಡುವೆ ಒಂದು ವರ್ಷ ಅವರು ಅಮೆರಿಕದ ಅಲೆನ್ ಊರಿನ ನಮ್ಮ ಮನೆಗೆ ಬಂದಿದ್ದರು. ನಾನು ತಂದ ಅಂಗಡಿ ಗೋಧಿಯನ್ನು ಮೂಸಿ ನೋಡಿ, "ಇದು ಬರೇ ಹಿಟ್ಟಿನ ಕಾಳು. ಬೀಜದ ಕಾಳು ತೊಗೊಂಡ ಬಾ" ಎಂದರು.

ಬೀಜ ಇದ್ದದ್ದು ಹಿತ್ತಲ ಬೇಲಿಯಾಚೆಯ ಅಮೆರಿಕನ್ ರೈತರೊಬ್ಬರ ಹತ್ತಿರ. ನಾವು ಅವರನ್ನು ತಾತ ಎನ್ನುತ್ತಿದ್ದೆವು. ಸುತ್ತಲಿನ ಹೊಲಗಳೆಲ್ಲ ಮನೆಗಳಾದರೂ ತಾತ ತಮ್ಮದನ್ನು ಮಾರಿರಲಿಲ್ಲ. ಅವರಪ್ಪ ಬೆಳೆಯುತ್ತಿದ್ದ ರೈ ಎಂಬ ಗೋಧಿಜಾತಿಯ ಧಾನ್ಯವನ್ನು ಮತ್ತೆ ಬೆಳೆದು, ಅದರಿಂದಲೇ ವಿಸ್ಕಿ ಇಳಿಸಬೇಕೆಂಬುದು ಅವರ ಹಟ. ತಾಮ್ರದ ಹಂಡೆ ತರಿಸಿದ್ದೂ ಆಗಿತ್ತು. ಆದರೆ ಆ ತಳಿ ಉಳಿದದ್ದು ಒಂದೇ ಜಾಡಿಯಲ್ಲಿ. ಆಗಸ್ಟಿನ ಸೆಕೆಯಲ್ಲಿ, ಗ್ಯಾರೇಜಿನೊಳಗೆ ನೆನೆಹಾಕಿ ನೋಡಿದರೆ ಒಂದು ಕಾಳೂ ಮೊಳೆತಿರಲಿಲ್ಲ. ಬೀಜವೇ ಸತ್ತಿದ್ದರೆ ಹೊಲ ಇಟ್ಟುಕೊಂಡು ಏನು ಮಾಡಲಿ, ಬಿಲ್ಡರಿಗೆ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದರು. ಪೂಜೆಗೆ ಬೇಕೆಂದಾಗ ನನಗೊಂದು ಹಿಡಿ ಕೊಟ್ಟರು, ಆಸೆಯಿಲ್ಲದ ಮುಖದಲ್ಲಿ.

ವಿಸ್ಕಿಯ ಸುದ್ದಿಯನ್ನು ಅತ್ತೆಗೆ ಹೇಳಲಿಲ್ಲ. ನನಗೇನು ತಲೆ ಕೆಟ್ಟಿತ್ತೆ?

ಎಸಿಯ ತಂಪಿನಲ್ಲಿ ಘಟ್ಟ ಕೂತಿತು, ನಂದಾದೀಪ ಉರಿಯಿತು. ಮೊಳೆಯದಿದ್ದರೆ ತಾತನ ಹೊಲ ಹೋಗುತ್ತದೆ, ಅತ್ತೆಗೆ ಅಪಶಕುನವಾಗುತ್ತದೆ. ಒಂದು ಬೆಳಗ್ಗೆ ಅತ್ತೆ ಕೂಗಿದರು: "ಲಗೂನ ಬಾ ಇಲ್ಲೆ! ಮಾರಿ ತೋರಿಸ್ಯಾವ ನೋಡು!" ಮಣ್ಣಿನ ತುಂಬ ನಸುಗೆಂಪು ಮೊಳಕೆ, ಕುಂಕುಮ ಉದುರಿದ ಹಾಗೆ. ಬೀಜ ಸತ್ತಿರಲಿಲ್ಲ, ಸೆಕೆಗೆ ಮಲಗಿದ್ದು ತಂಪಿಗೆ ಎದ್ದಿತ್ತು. ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ದಸರೆಯ ದಿನ ತಾತನನ್ನು ಊಟಕ್ಕೆ ಕರೆದೆ. ಒತ್ತಾಗಿ ನಿಂತ ಹಸಿರು ಸಸಿ ಕಂಡದ್ದೇ ಹ್ಯಾಟು ತೆಗೆದು ಘಟ್ಟದ ಮುಂದೆ ಕುಳಿತರು. ಖುಷಿ ತಡೆಯಲಾರದೆ "ವಿಸ್ಕಿ! ವಿಸ್ಕಿ!" ಎಂದರು. ಅತ್ತೆಗೆ ಇಂಗ್ಲಿಷ್ ಬಾರದು. ಆ ಪದಕ್ಕೆ ಇಂಗ್ಲಿಷ್ ಬೇಕಾಗಿಯೂ ಇಲ್ಲ.

"ದೇವರ ಮುಂದಿನ ಕಾಳು ಶೆರೆ ಇಳಸಲಿಕ್ಕೇನು?"

ಸಿಕ್ಕಿಬಿದ್ದೆ. "ಇದು ಹುಟ್ಟದೇ ಇದ್ದಿದ್ರೆ ಹೊಲಾನೇ ಮಾರ್ಬಿಡ್ತಿದ್ರು ಅತ್ತೆ. ಅವರಪ್ಪನ ಕಾಲದ ಬೀಜ" ಎಂದೆ.

ಅತ್ತೆ ತಾತನತ್ತ ತಿರುಗಿದರು. ತಾತ ಒಂದೇ ಬೆರಳಿನಲ್ಲಿ ಸಸಿಗಳನ್ನು ಸವರುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ಇಳಿಸ್ಲಿ, ಕುಡೀಲಿ, ಅದು ಅವರ ಹಣೇಬರಹ. ಹೊಲ ಉಳೀತಲ್ಲ" ಎಂದು ಅತ್ತೆ ಒಂದು ಹಿಡಿ ಸಸಿ ಕಿತ್ತು ಆ ಹ್ಯಾಟಿನ ಪಟ್ಟಿಗೆ ಸಿಕ್ಕಿಸಿದರು. "ಬಂಗಾರದಂಗ ಇರ್ರಿ."

ತಾತ ಹ್ಯಾಟು ಹಾಕಿಕೊಂಡವರೇ ಊಟಕ್ಕೂ ನಿಲ್ಲದೆ ಓಡಿದರು. ಸ್ವಲ್ಪ ಹೊತ್ತಿಗೆ ಬೇಲಿಯಾಚೆ ಟ್ರ್ಯಾಕ್ಟರ್ ಶುರುವಾಯಿತು. ಅತ್ತೆ ಎರಡು ಹೋಳಿಗೆಗೆ ತುಪ್ಪ ಸುರಿದು, ಡಬ್ಬಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೊರಟರು.

"ಬಿತ್ತಾಂವ ಹಸ್ಕೊಂಡು ಇರಬಾರದು, ನಡಿ."