ಮೀಸೆಯ ಬಾಕ್ಸರೂ ದೊಡ್ಡಪ್ಪನ ಕಿವಿಯೂ

ಅರಸೀಕೆರೆ ಹೊರಗಿನ ನಮ್ಮ ತೋಟದ ಮನೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ, ಬಿಗಿ ಚಡ್ಡಿಯ ಬಿಳಿಯನೊಬ್ಬ ಮುಷ್ಟಿ ಎತ್ತಿ ನಿಂತಿದ್ದಾನೆ. ಬರಿಮೈ, ಸೈಕಲ್ ಹ್ಯಾಂಡಲಿನಂಥ ಮೀಸೆ. ಬಾಕ್ಸಿಂಗಿನ ಹೆವಿವೇಟ್ ಚಾಂಪಿಯನ್ನರಲ್ಲಿ ಮೊದಮೊದಲಿನವನು, ಬರಿಗೈಯಲ್ಲಿ ಗುದ್ದಾಡುತ್ತಿದ್ದ ಕಾಲದವನು. ಹಳೇ ಪತ್ರಿಕೆಯಿಂದ ಕತ್ತರಿಸಿ ದೊಡ್ಡಪ್ಪ ಕಟ್ಟು ಹಾಕಿಸಿದ್ದು. ಹಗರೆಯಿಂದ ಬಂದ ಅಜ್ಜಿಯೊಬ್ಬಳು ನಮ್ಮ ಮನೆತನದ ಹಿರಿಯನಿರಬೇಕೆಂದು ಅವನಿಗೂ ಕೈಮುಗಿದಿದ್ದಳು. ದೊಡ್ಡಪ್ಪ ತಿದ್ದಲಿಲ್ಲ.

ನಾನು ಕಂಡವರನ್ನೆಲ್ಲ ಅಣಕಿಸುವವನು. ಬಸ್ ಕಂಡಕ್ಟರು, ತಾಲ್ಲೂಕು ಆಫೀಸಿನ ಗುಮಾಸ್ತರು, ಡಿಗ್ರಿ ಮುಗಿಸಿ ಮೊದಲ ಇಂಟರ್‌ವ್ಯೂನಲ್ಲಿ ಸ್ವಂತ ಊರಿನ ಹೆಸರಿಗೇ ತೊದಲಿದ ನನ್ನನ್ನೂ ಸೇರಿಸಿ, ಯಾರನ್ನೂ ಬಿಟ್ಟಿಲ್ಲ. ದೊಡ್ಡಪ್ಪನನ್ನು ಅಣಕಿಸುವುದಂತೂ ಸಲೀಸು. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಮಂತ್ರಿಗಳು ಫೋನ್ ಮಾಡಿದ್ದಾರೆ ಎನ್ನುವ ಹಾಗೆ ‘ಹೂಂ’ ಎನ್ನಬೇಕು.

ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಳಗಿನ ನೀರು ಬತ್ತಿ ಒಣಗಲು ಹೆಚ್ಚುಕಡಿಮೆ ವರ್ಷ ಬೇಕು. ಆಗ ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಎನ್ನುತ್ತದೆ. ಮೊದಲೇ ಇಳಿಸಿದರೆ ಬೂಷ್ಟು, ಇಡೀ ವರ್ಷದ ಫಸಲು ಹಾಳು. ಆದ್ದರಿಂದ ಸುತ್ತಲ ಊರಿನವರು ಅಟ್ಟ ಇಳಿಸುವ ಮುಂಚೆ ದೊಡ್ಡಪ್ಪನನ್ನು ಕರೆಸುತ್ತಿದ್ದರು. ಅವರು ‘ಆಗೈತೆ’ ಎಂದ ಕಾಯಿಯನ್ನು ಯಾರೂ ಒಡೆದು ನೋಡುತ್ತಿರಲಿಲ್ಲ. ಅದೇ ಅವರಿಗೆ ಸಲ್ಲುತ್ತಿದ್ದ ಮರ್ಯಾದೆ.

ಆವತ್ತು ಬಸ್ತಿಹಳ್ಳಿಯ ಜೈನ ಸಾಹುಕಾರರ ಮನೆಗೆ ಹೊರಟಿದ್ದೆವು. ಅವರು ದೊಡ್ಡಪ್ಪನ ಹಳೇ ಸ್ನೇಹಿತರು. ಬಸ್ಸಿನಲ್ಲಿ ನಾನು ಮೊಬೈಲ್ ತೆಗೆದು ಬಾಕ್ಸರನ ಜಾತಕ ಬಿಚ್ಚಿದೆ.

“ದೊಡ್ಡಪ್ಪ, ನಿಮ್ಮ ಮೀಸೆ ಮಾವ ಕರಿಯರ ಜೊತೆ ಆಡೋದೇ ಇಲ್ಲ ಅಂದಿದ್ನಂತೆ. ಆಗ ಅವರಲ್ಲೂ ಗಟ್ಟಿಗರು ಇದ್ರಂತಲ್ಲ?”

“ಎದುರಿಗೆ ಬಂದೋರನ್ನೆಲ್ಲ ಮಲಗಿಸಿದ ಕಣ್ಲಾ.”

“ಬಂದೋರನ್ನಲ್ಲ, ಬರೋಕೆ ಬಿಟ್ಟೋರನ್ನ. ಹಂಗಾದ್ರೆ ನಮ್ಮನೆ ಹಜಾರಕ್ಕೆ ನಾನೂ ಚಾಂಪಿಯನ್ನೇ.”

“ಅದು ತಪ್ಪೇ. ಇಲ್ಲ ಅನ್ನಲ್ಲ. ಆದ್ರೆ ಕೊನೇಲಿ ಒಬ್ಬ ಚುರುಕು ಹುಡುಗ ಬಂದು ಹೊಡೆದು ಕೆಡವಿದ್ನಲ್ಲ, ಆಗ ಇವನು ಹಗ್ಗ ಹಿಡ್ಕೊಂಡು ಎದ್ದು ನಿಂತು ಜನಕ್ಕೆ ಏನಂದ ಗೊತ್ತಾ? ಸೋತೆ ಅಂದ. ಕಾಲು ಜಾರ್ತು ಅನ್ನಲಿಲ್ಲ, ಹುಷಾರಿರಲಿಲ್ಲ ಅನ್ನಲಿಲ್ಲ. ಗೆದ್ದಿದ್ದಕ್ಕಲ್ಲ ಕಣೋ ಕೋತಿ ನಾನು ಕಟ್ಟು ಹಾಕ್ಸಿದ್ದು.”

ಬಸ್ತಿಹಳ್ಳಿಗೆ ಹೋದಾಗಲೆಲ್ಲ ಮೊದಲು ಬಸದಿಗೆ ಹೋಗುವುದು ರೂಢಿ. ಅಲ್ಲಿನ ಕನ್ನಡಿಯಂಥ ಕಂಬದ ಮುಂದೆ ನಿಂತು, ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, ದೊಡ್ಡಪ್ಪ ಮುಷ್ಟಿ ಎತ್ತುವರು. ಕಂಬದೊಳಗೆ ತೆಳ್ಳಗೆ ಉದ್ದಕ್ಕೆ ಎಳೆದಂತಿದ್ದ ಒಬ್ಬ ಬಾಕ್ಸರ್, ಪಂಚೆ ಉಟ್ಟವನು. ಆವತ್ತೂ ಎತ್ತಿದರು. ಆಮೇಲೆ ಸಾಹುಕಾರರ ಅಟ್ಟದ ಕೆಳಗೆ ಕೂತು ಒಂದೊಂದೇ ಕಾಯಿ ಕಿವಿಗೆ ಹಿಡಿಯತೊಡಗಿದರು. ಬಸ್ಸಿನಲ್ಲಿ ವಾದ ಸೋತ ಉರಿ ನನಗಿನ್ನೂ ಆರಿರಲಿಲ್ಲ. ಒಂದು ಕಾಯಿ ಅಲ್ಲಾಡಿಸುವ ಹೊತ್ತಿಗೆ ಸರಿಯಾಗಿ, ಅವರ ಬೆನ್ನ ಹಿಂದೆ ಬಗ್ಗಿ, ನಾಲಿಗೆಯಲ್ಲಿ ‘ಲೊಟಲೊಟ’ ಅನ್ನಿಸಿದೆ.

“ಆಗೈತೆ,” ಎಂದರು ದೊಡ್ಡಪ್ಪ.

ಅಲ್ಲಿಗೆ ನಕ್ಕು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಆಟ ಪೂರ್ತಿಯಾಗಬೇಕಿತ್ತು. “ಒಡೆದೇ ನೋಡೋಣ,” ಎಂದೆ. ಕಾಯಿ ಇಳಿಸಲು ಬಂದಿದ್ದ ಕೂಲಿಯವರು ಮಚ್ಚಿಗೆ ಕೈ ಹಾಕಲಿಲ್ಲ. ದೊಡ್ಡಪ್ಪನೇ ಮಚ್ಚು ತಗೊಂಡು ಒಡೆದರು. ನೀರು ಮೊಣಕಾಲ ಮೇಲೆ ಚೆಲ್ಲಿ ಪಂಚೆ ಒದ್ದೆಯಾಯಿತು.

ಯಾರೂ ನಗಲಿಲ್ಲ. “ಇರ್ಲಿ ಬಿಡಿ ಯಜಮಾನ್ರೇ, ಇನ್ನೊಂದು ತಿಂಗಳು ಕಾಯಾನ,” ಎಂದರು ಸಾಹುಕಾರರು. ಅಷ್ಟು ಜನರ ಗಂಟಲು ಹೊತ್ತು ತಿರುಗುವ ನನಗೆ ಆಗ ನನ್ನದೊಂದು ದನಿ ಹೊರಡಲಿಲ್ಲ.

“ಕಿವಿ ಹೋಗೈತೆ ಕಣ್ರೀ,” ಎಂದರು ದೊಡ್ಡಪ್ಪ. “ಇನ್ಮೇಲೆ ಬೇರೆಯವರನ್ನ ಕರೀರಿ.”

ಆಮೇಲೆ ಅವರು ಯಾರ ಅಟ್ಟಕ್ಕೂ ಹೋಗಲಿಲ್ಲ. ಮನೆಯ ಕಾಯಿಯನ್ನೂ ಕಿವಿಗೆ ಹಿಡಿಯಲಿಲ್ಲ. ನಾಳೆ ಹೇಳುತ್ತೇನೆ, ಹಬ್ಬ ಕಳೆಯಲಿ ಹೇಳುತ್ತೇನೆ ಎಂದು ನಾನು ದಿನ ತಳ್ಳಿದೆ. ಜಗಳಕ್ಕೆಳೆಯಲೆಂದು ಬಾಕ್ಸರನ್ನು ಬೈದರೂ, “ನೀನು ಓದಿದೋನು, ಸರಿ ಇರ್ಬೋದು,” ಎಂದು ಕಾಫಿ ಲೋಟ ಎತ್ತುತ್ತಿದ್ದರು. ವಾದದಲ್ಲಿ ಗೆಲ್ಲುವುದು ಅಷ್ಟು ಸಪ್ಪೆ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಕಾಯಿ ಅಟ್ಟದಲ್ಲಿ ಒಣಗುವಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡರು.

ತಿಥಿಗೆ ಬಂದ ಸಾಹುಕಾರರನ್ನು ತೋಟದ ಬಾವಿಯ ಹತ್ತಿರ ನಿಲ್ಲಿಸಿ, “ಆವತ್ತು ಶಬ್ದ ಮಾಡಿದ್ದು ನಾನು,” ಎಂದೆ.

“ನಿನ್ನ ದವಡೆ ಆಡಿದ್ದು ಕಂಡಿದ್ದೆ ಕಣಪ್ಪಾ. ಆವತ್ತೇ ಹೇಳ್ದೆ ನಿಮ್ ದೊಡ್ಡಪ್ಪಂಗೆ.”

“ಏನಂದ್ರು?”

“‘ಹುಡುಗನ್ನ ಕೇಳ್ಬೇಡಿ,’ ಅಂದ್ರು. ‘ನಾಲಿಗೆ ಯಾವುದು, ಕೊಬ್ಬರಿ ಯಾವುದು ಅಂತ ನನ್ನ ಕಿವಿಗೆ ತಿಳೀಲಿಲ್ಲವಲ್ಲ, ಸೋತಿದ್ದು ನಿಜವೇ,’ ಅಂದ್ರು.”

ಸೋಲಿಗೆ ಹೇಳಿಕೊಳ್ಳಲು ದೊಡ್ಡಪ್ಪನಿಗೆ ನೆಪವಿತ್ತು, ಸುಳ್ಳು ನೆಪವೂ ಅಲ್ಲ. ನಾನೇ ಆ ನೆಪ, ದಿನವೂ ಎದುರಿಗೆ ಕೂತು ಮುದ್ದೆ ನುಂಗುತ್ತಿದ್ದೆ.

ಆ ಮೀಸೆಯವನಿಗೆ ಅಷ್ಟು ದೊಡ್ಡ ಹೆಸರು ಸಲ್ಲುತ್ತದೆಯೇ? ಪೂರ್ತಿ ಸಲ್ಲುವುದಿಲ್ಲ ಎಂದೇ ಈಗಲೂ ನನ್ನ ವಾದ. ಬಾಗಿಲು ಹಾಕಿಕೊಂಡು ಗೆದ್ದವನು ಅವನು. ಆದರೆ ಸೋತೆ ಎಂದು ಒಪ್ಪಿಕೊಂಡ ಕೊನೆಯ ಆ ದಿನದ ಲೆಕ್ಕದಲ್ಲಿ ಪಟ ಗೋಡೆಯ ಮೇಲಿರಲಿ. ಇದನ್ನು ದೊಡ್ಡಪ್ಪನಿಗೆ ಹೇಳಿ, “ಈಗ ಬಂದ್ಯಾ ದಾರಿಗೆ” ಎಂದು ಬೈಸಿಕೊಳ್ಳಬೇಕಿತ್ತು. ಪಟದ ಕೆಳಗೆ ನಿಂತು ಅವರ ದನಿಯಲ್ಲಿ ನಾನೇ ಬೈದುಕೊಂಡು ನೋಡಿದ್ದೇನೆ. ದನಿ ತದ್ರೂಪ, ಪಕ್ಕದ ತೋಟದವರು ಬೆಚ್ಚಿ ಇಣುಕಿದ್ದೂ ಉಂಟು. ಆದರೆ ನಾನು ಮೊದಲೇ ಊಹಿಸದ ಒಂದೇ ಒಂದು ಮಾತೂ ಆ ದನಿಯಿಂದ ಬರುವುದಿಲ್ಲ.

ಈ ವರ್ಷದ ಅಟ್ಟ ಒಣಗುತ್ತಿದೆ. ನಿನ್ನೆ ಒಂದು ಕಾಯಿ ಇಳಿಸಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದೆ. ಬೆನ್ನ ಹಿಂದೆ ಯಾರಾದರೂ ನಾಲಿಗೆ ಆಡಿಸಲಿ ಎಂದು ತುಸು ಹೊತ್ತು ಹಾಗೇ ಹಿಡಿದು ಕೂತಿದ್ದೆ.